ಶೆಡ್ಡಿನಲ್ಲಿ ಬೇರೆಯವರ ಹಾಡು ನುಡಿಸಿದ ದಿನಗಳು – ನಿಮ್ಮ ಬ್ಯಾಂಡಿನ ನೆನಪು ಬರೆಯಿರಿ

ಮೈಸೂರು ಬೇಸ್

ಸ್ವಂತ ಹಾಡು ಮಾಡಿದರೆ ಮಾತ್ರ ಬ್ಯಾಂಡು, ಬೇರೆಯವರ ಹಾಡು ನುಡಿಸಿದರೆ ಅದು ಬರೀ ನಕಲು ಅನ್ನೋ ಮಾತು ಈಗೀಗ ಜಾಸ್ತಿ ಕೇಳಿಬರುತ್ತಿದೆ. ನನಗೆ ಒಪ್ಪಿಗೆಯಿಲ್ಲ. ಒಂದು ಹಾಡನ್ನು ನುಡಿಸಲು ಕೂತಾಗ ಮಾತ್ರ ಅದರೊಳಗೆ ಏನೇನಿದೆ ಅಂತ ಗೊತ್ತಾಗುವುದು. ಬರೀ ಕೇಳಿದರೆ ಅರ್ಧವೂ ಸಿಗುವುದಿಲ್ಲ.

ತೊಂಬತ್ತರ ದಶಕದ ಕೊನೆ. ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯನ ಮನೆಯ ಹಿಂದೆ ಒಂದು ಕಾರ್ ಶೆಡ್ಡಿತ್ತು. ಅಲ್ಲೇ ನಮ್ಮ ಬ್ಯಾಂಡು. ಒಂದು ಗಿವ್ಸನ್ ಗಿಟಾರು, ಅದರ ತಂತಿ ಎಷ್ಟು ಎತ್ತರದಲ್ಲಿ ಇರುತ್ತಿತ್ತು ಅಂದರೆ ಒತ್ತಿ ಒತ್ತಿ ಬೆರಳ ತುದಿ ಗಟ್ಟಿಯಾಗಿಬಿಟ್ಟಿತ್ತು. ಒಂದು ಹಳೇ ಬೇಸ್, ಅಂದರೆ ಕೆಳಗಿನ ಸ್ವರ ನುಡಿಸುವ ಗಿಟಾರು, ಒಂದು ಕ್ಯಾಸಿಯೊ ಕೀಬೋರ್ಡು, ಅರ್ಧ ಸೆಟ್ ಡ್ರಮ್ಸ್. ಹಾಡುವವನ ಮೈಕು, ಗಿಟಾರು ಎರಡೂ ಒಂದೇ ಅಹುಜಾ ಆಂಪ್ಲಿಫೈಯರಿಗೆ. ಬೇಸ್ ತಂತಿ ಹೊಸದು ತರಲು ದುಡ್ಡಿಲ್ಲದಾಗ ಹಳೆಯದನ್ನೇ ಬಿಚ್ಚಿ ನೀರಲ್ಲಿ ಕುದಿಸುತ್ತಿದ್ದೆವು. ಸುತ್ತಿನ ನಡುವೆ ಕೂತ ಜಿಡ್ಡು ಬಿಡುತ್ತದೆ, ಸ್ವಲ್ಪ ದಿನ ಹೊಸದರ ಹಾಗೆ ಮೊಳಗುತ್ತದೆ.

ನುಡಿಸಿದ್ದು ಹೆಚ್ಚಾಗಿ ಇಳಯರಾಜ, ಹಂಸಲೇಖ. ನಡುವೆ ಡೀಪ್ ಪರ್ಪಲ್, ಈಗಲ್ಸ್ ಥರದ ರಾಕ್ ಬ್ಯಾಂಡುಗಳ ಇಂಗ್ಲಿಷ್ ಹಾಡು. ಆದರೆ ನನ್ನನ್ನು ಬೇಸ್ ವಾದಕನನ್ನಾಗಿ ಮಾಡಿದ್ದು 'ಗೀತಾ' ಚಿತ್ರದ ಹಾಡುಗಳು. ಶಂಕರ್ ನಾಗ್ ನಿರ್ದೇಶಿಸಿದ ಚಿತ್ರ, 1981ರದ್ದು. ನಮ್ಮ ಕಾಲಕ್ಕೆ ಅದು ಹಳೇ ಚಿತ್ರವೇ, ಆದರೂ 'ಸಂತೋಷಕ್ಕೆ' ಇಲ್ಲದೆ ಯಾವ ಆರ್ಕೆಸ್ಟ್ರಾವೂ ಮುಗಿಯುತ್ತಿರಲಿಲ್ಲ. ನಾನು ಮಾತ್ರ 'ಜೊತೆಯಲಿ' ಹಿಂದೆ ಬಿದ್ದಿದ್ದೆ. ಎಸ್.ಪಿ.ಬಿ., ಜಾನಕಿಯಮ್ಮ ಹಾಡುತ್ತಿರುವಾಗ ಕೆಳಗೆ ಬೇಸ್ ಏನು ಮಾಡುತ್ತಿದೆ ಅಂತ ಹುಡುಕಿ ನೋಡಿ. ಸುಮ್ನೆ ಷಡ್ಜ ಹಿಡಿದು ಕೂರುವುದಿಲ್ಲ, ತನ್ನದೇ ದಾರಿಯಲ್ಲಿ ನಡೆದು ಸರಿಯಾದ ಹೊತ್ತಿಗೆ ಹಾಡಿಗೆ ಬಂದು ಸೇರುತ್ತದೆ. ಅದನ್ನು ಕ್ಯಾಸೆಟ್ಟಿನಿಂದ ಬಿಡಿಸಲು ಟ್ರೆಬಲ್ ಪೂರ್ತಿ ಇಳಿಸಿ, ಬ್ಯಾಲೆನ್ಸ್ ಗುಂಡಿಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿ, ಎರಡು ಸೆಕೆಂಡಿನ ತುಂಡನ್ನು ಹಿಂದೆ ಓಡಿಸಿ ಮತ್ತೆ ಕೇಳಿ, ಮತ್ತೆ ಹಿಂದೆ ಓಡಿಸಿ, ಹೀಗೆ. ರಿವೈಂಡ್ ಗುಂಡಿಯ ಮೇಲಿನ ಅಕ್ಷರ ಅಳಿಸಿಹೋಗಿತ್ತು.

ಇನ್ನೊಂದು ತೊಂದರೆ ಇತ್ತು, ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಕ್ಯಾಸೆಟ್ ಪ್ಲೇಯರಿನ ಮೋಟಾರು ಸ್ವಲ್ಪ ಜೋರಾಗಿ ಓಡಿದರೂ ಶ್ರುತಿ ಏರುತ್ತದೆ. ಶೇಕಡ 6ರಷ್ಟು ವೇಗ ಹೆಚ್ಚಿದರೆ ಪೂರ್ತಿ ಒಂದು ಕೀ, ಅಂದರೆ ಅರ್ಧ ಸ್ವರ, ಮೇಲೆ ಹೋಗುತ್ತದೆ. ಹಾಡು ಸಿ ಶಾರ್ಪ್‌ನಲ್ಲೂ ಇಲ್ಲ, ಡಿಯಲ್ಲೂ ಇಲ್ಲ, ಎರಡರ ಮಧ್ಯೆ ಎಲ್ಲೋ ಇದೆ. ಗಿಟಾರನ್ನು ಕ್ಯಾಸೆಟ್ಟಿಗೆ ಹೊಂದಿಸಿ ಕಲಿತು, ಆಮೇಲೆ ಎಲ್ಲರೂ ಸೇರಿದಾಗ ಕೀಬೋರ್ಡಿಗೆ ಹೊಂದಿಸಿಕೊಳ್ಳುತ್ತಿದ್ದೆವು.

ನಿಮ್ಮ ಕಥೆ ಬರೆಯಿರಿ. ಯಾವ ಊರು, ಯಾವ ಹಾಡು, ಏನಿತ್ತು ಕೈಯಲ್ಲಿ?

ಹುಬ್ಬಳ್ಳಿ ಪ್ಯಾಡ್

ಸರ್, ನಮ್ಮದು ಶೆಡ್ ಅಲ್ಲ, ಹಿಟ್ಟಿನ ಗಿರಣಿಯ ಹಿಂದಿನ ಕೋಣೆ. ಗಿರಣಿ ಬಂದ್ ಆದ ಮೇಲೆ ನಮ್ಮ ಪ್ರಾಕ್ಟೀಸ್. ಡ್ರಮ್ ಹೊಡೆದರೆ ಗೋಡೆ ಮೇಲಿನ ಹಿಟ್ಟು ಉದುರುತ್ತಿತ್ತು.

ನಾನು ತಬಲಾ ಕಲಿತವನು, ಆಮೇಲೆ ಢೋಲಕ್, ಕಾಂಗೋ, ಕೊನೆಗೆ ರಿದಮ್ ಪ್ಯಾಡ್, ಅಂದರೆ ಕೋಲಿನಿಂದ ಹೊಡೆದು ವಾದ್ಯಗಳ ಧ್ವನಿ ಬರಿಸುವ ಎಲೆಕ್ಟ್ರಾನಿಕ್ ಹಲಗೆ. ರೋಲ್ಯಾಂಡ್ ಆಕ್ಟೊಪ್ಯಾಡ್ ಮೊದಲು ಬಂದದ್ದು 1985ರಲ್ಲಿ, ಆದರೆ ಅದರೊಳಗೆ ಸ್ವಂತ ಧ್ವನಿ ಇರಲಿಲ್ಲ, ಇನ್ನೊಂದು ಯಂತ್ರಕ್ಕೆ ಜೋಡಿಸಬೇಕಿತ್ತು. 1998ರಲ್ಲಿ ಎಸ್‌ಪಿಡಿ-20 ಬಂತು ನೋಡಿ, ಒಳಗೇ ನೂರಾರು ಧ್ವನಿ. ತಬಲಾ ಬೇಕೇ, ಇದೆ. ಚಪ್ಪಾಳೆ ಬೇಕೇ, ಇದೆ. ಎಂಟು ಹಲಗೆಯ ಮೇಲೆ ಒಬ್ಬನೇ ನಿಂತು ನಾಲ್ಕು ಜನರ ಕೆಲಸ ಮಾಡಬಹುದಿತ್ತು. ನಾವು ಅದನ್ನು ಬಾಡಿಗೆಗೆ ತರುತ್ತಿದ್ದೆವು. ಬಾಡಿಗೆಗೆ ತಂದ ದಿನ ನಿದ್ದೆ ಮಾಡುತ್ತಿರಲಿಲ್ಲ, ಯಾವ ಹಾಡಿಗೆ ಯಾವ ಹಲಗೆಗೆ ಯಾವ ಧ್ವನಿ ಅಂತ ಹೊಂದಿಸಿ ಚೀಟಿ ಬರೆದಿಟ್ಟುಕೊಳ್ಳಬೇಕಲ್ಲ.

ನಮ್ಮ ಕಡೆ ಶ್ರುತಿ ಹೇಳುವುದು ಹಾರ್ಮೋನಿಯಂ ಲೆಕ್ಕದಲ್ಲಿ. ಕಪ್ಪು ಒಂದು, ಕಪ್ಪು ಎರಡು, ಬಿಳಿ ನಾಲ್ಕು. ಗಿಟಾರ್ ಹುಡುಗ ಬೆಂಗಳೂರಲ್ಲಿ ಕಲಿತು ಬಂದವನು, ಅವನಿಗೆ ಡಿ ಶಾರ್ಪ್ ಅನ್ನಬೇಕು. ಹಾಡುವವರು ಭಜನೆ ಮೇಳದಿಂದ ಬಂದವರು, ಅವರಿಗೆ ಕಪ್ಪು ಎರಡು. ಎರಡೂ ಒಂದೇ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಪಟ್ಟಿ ಬರೆದು ಹಾಕಿದ ಮೇಲೆ ಜಗಳ ನಿಂತಿತು.

ಗಣೇಶನ ಪೆಂಡಾಲಿನಲ್ಲಿ ಚೀಟಿ ಬರುವುದು ನೆನಪಿದೆಯೇ? ಹತ್ತು ರೂಪಾಯಿ ನೋಟಿನ ಜೊತೆ ಮಡಚಿದ ಚೀಟಿ, ಅದರಲ್ಲಿ ಹಾಡಿನ ಹೆಸರು. ಅಣ್ಣಾವ್ರ ಹಾಡು ಬಂದರೆ ಇಲ್ಲ ಅನ್ನುವ ಹಾಗೇ ಇಲ್ಲ. ಬರುವುದಿಲ್ಲ ಅಂದರೆ ಸ್ಟೇಜಿನಿಂದ ಇಳಿಯುವುದು ಕಷ್ಟ! ಅದಕ್ಕೇ ನಾವು ರಾಜ್‌ಕುಮಾರ್ ಹಾಡುಗಳನ್ನು ಬೇರೆಲ್ಲಕ್ಕಿಂತ ಮೊದಲು ಕೂತು ಕಲಿತೆವು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದ ಇಂಗ್ಲಿಷ್ ಹಾಡು ಇದೆಯಲ್ಲ, ಜಿ.ಕೆ. ವೆಂಕಟೇಶ್ ಸಂಗೀತದ್ದು, ಅದಕ್ಕೆ ಇಡೀ ಓಣಿ ಕುಣಿಯುತ್ತಿತ್ತು. ಇಂಗ್ಲಿಷ್ ಬರದ ಅಜ್ಜಂದಿರೂ ಜೊತೆಗೆ ಹಾಡುತ್ತಿದ್ದರು.

ಶರೀಫರ ಪದಗಳನ್ನೂ ನುಡಿಸುತ್ತಿದ್ದೆವು. ಶಿಶುವಿನಹಾಳ ನಮಗೆ ದೂರವೇನಲ್ಲ. ಏಕತಾರಿ, ತಾಳದ ಜೊತೆ ಕೇಳಿ ಬೆಳೆದ ಪದ ಅವು. ರಘು ದೀಕ್ಷಿತ್ ಅವರ ಆಲ್ಬಮ್ 2008ರಲ್ಲಿ ಬಂದಾಗ 'ಗುಡುಗುಡಿಯ ಸೇದಿ ನೋಡೋ' ಗಿಟಾರು, ಡ್ರಮ್ಸ್ ಜೊತೆ ಕೇಳಿ ನಮ್ಮ ಗುಂಪಿನ ಹಿರಿಯರೊಬ್ಬರು, ತಾಳ ಬದಲಾಗಿಲ್ಲ ಬಿಡು, ಪದ ಉಳಿದಿದೆ ಅಂದರು. ನನಗೆ ಅದು ದೊಡ್ಡ ಮಾತು ಅನ್ನಿಸಿತು.

ಕೀಬೋರ್ಡ್ ಅಕ್ಕ

ಶಿವಮೊಗ್ಗದಿಂದ ನಾನು. ಗುಂಪಿನಲ್ಲಿ ನಾನೊಬ್ಬಳೇ ಹುಡುಗಿ. ಹಾಡುವುದಕ್ಕೆ ಹುಡುಗಿಯರು ಸಿಗುತ್ತಿದ್ದರು, ನುಡಿಸುವವರು ಇರಲಿಲ್ಲ. ಪೋಸ್ಟರ್ ಅಂಟಿಸುವಾಗ 'ಗಾಯಕಿ' ಅಂತಲೇ ಹಾಕುತ್ತಿದ್ದರು, ನಾನು ಕೀಬೋರ್ಡ್ ಅಂತ ಹೇಳಿ ಹೇಳಿ ತಿದ್ದಿಸಬೇಕಿತ್ತು.

ಮೈಸೂರು ಬೇಸ್ ಅವರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಸಿನಿಮಾ ಹಾಡಿನಲ್ಲಿ ಪಿಟೀಲುಗಳ ದೊಡ್ಡ ಗುಂಪೇ ಇರುತ್ತದೆ, ಕೊಳಲು ಇರುತ್ತದೆ, ಸಿತಾರ್ ಇರುತ್ತದೆ, ಕೋರಸ್ ಇರುತ್ತದೆ. ನನಗಿರುವುದು ಎರಡು ಕೈ. ಏನು ಬಿಡಬೇಕು ಅಂತ ತೀರ್ಮಾನ ಮಾಡುವುದೇ ನಮ್ಮ ಕೆಲಸ ಆಗಿತ್ತು. ಪಲ್ಲವಿ ಮತ್ತು ಮೊದಲ ಚರಣದ ನಡುವೆ ಬರೀ ವಾದ್ಯಗಳು ನುಡಿಸುವ ಬಿಟ್ ಬಿಟ್ಟರೆ ಜನ ಒಪ್ಪುವುದಿಲ್ಲ, ಅವರಿಗೆ ಅದು ಬಾಯಿಪಾಠ. ಚರಣದ ಹಿಂದೆ ಬರುವ ಪಿಟೀಲು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಹಾಡುವವರಿಗೆ ಏನೋ ಖಾಲಿ ಅನ್ನಿಸುತ್ತದೆ, ಅವರ ದನಿ ಇಳಿಯುತ್ತದೆ. ಹಾಗಾಗಿ ಎಡಗೈಯಲ್ಲಿ ಕಾರ್ಡ್ ಹಿಡಿದು ಬಲಗೈಯಲ್ಲಿ ಪಿಟೀಲಿನ ಒಂದೇ ಒಂದು ಎಳೆ. ಯಾವ ಎಳೆ ಅನ್ನುವುದನ್ನು ಹುಡುಕಲು ಒಂದು ಸಂಜೆ ಪೂರ್ತಿ ಹೋಗುತ್ತಿತ್ತು. ಹಾಗೆ ಕೂತಿದ್ದಕ್ಕೇ ಇವತ್ತಿಗೂ ಯಾವ ಹಾಡು ಕೇಳಿದರೂ ನನ್ನ ಕಿವಿ ಮೊದಲು ಹಿಂದಿನ ಪಿಟೀಲಿಗೆ ಹೋಗುತ್ತದೆ.

ಯುಗಳ ಗೀತೆಯಲ್ಲಿ ಇನ್ನೊಂದು ಕಷ್ಟ. ಚಿತ್ರದಲ್ಲಿ ಇಬ್ಬರಿಗೂ ಒಂದೇ ಶ್ರುತಿ. ಎಸ್.ಪಿ.ಬಿ. ಎಷ್ಟು ಮೇಲೆ ಹಾಡುತ್ತಿದ್ದರು ಅನ್ನುವುದು ನಮ್ಮ ಊರಿನ ಹುಡುಗರಿಗೆ ಹಾಡಿ ನೋಡುವವರೆಗೂ ಗೊತ್ತಾಗುತ್ತಿರಲಿಲ್ಲ. ಅವರಿಗಾಗಿ ಎರಡು ಕೀ ಇಳಿಸಿದರೆ ಹುಡುಗಿಗೆ ತೀರಾ ಕೆಳಗಾಗುತ್ತದೆ. ಕೀಬೋರ್ಡಿನಲ್ಲಿ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ ಇದೆ, ಒತ್ತಿದರೆ ಆಯಿತು ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಯಂತ್ರಕ್ಕೆ ಗುಂಡಿ ಇದೆ, ಗಂಟಲಿಗೆ ಇಲ್ಲವಲ್ಲ. ಪ್ರತಿ ಹಾಡಿಗೂ ಇಬ್ಬರನ್ನೂ ಕೂರಿಸಿ, ಇಬ್ಬರಿಗೂ ದಕ್ಕುವ ಜಾಗ ಹುಡುಕುತ್ತಿದ್ದೆವು.

ಹೊಸ ಗಿಟಾರು

ಎಲ್ಲರಿಗೂ ನಮಸ್ಕಾರ. ಓದಿ ತುಂಬಾ ಖುಷಿಯಾಯಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಐದು ಜನ ಸೇರಿ ನವೆಂಬರ್ ರಾಜ್ಯೋತ್ಸವಕ್ಕೆ ನುಡಿಸೋಣ ಅಂದುಕೊಂಡಿದ್ದೇವೆ. ಎರಡು ಪ್ರಶ್ನೆ. ಒಂದು, ಸಿನಿಮಾ ಹಾಡು ನುಡಿಸಲು ಅನುಮತಿ ಬೇಕಾ? ಎರಡು, ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಸಂಗೀತ, ಹಾಕಿಕೊಂಡು ಅದರ ಮೇಲೆ ನುಡಿಸಿದರೆ ತಪ್ಪಾ?

ಕರಿಕೋಟು

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಕಾಲೇಜು ಬ್ಯಾಂಡಿನಲ್ಲಿ ಹಾಡುತ್ತಿದ್ದೆ, ಈಗ ವಕೀಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಓದಿ. ಹವ್ಯಾಸಿ ಕ್ಲಬ್ಬು ಅಥವಾ ಸಂಘದವರು ಹಣ ಕೊಡದ ಪ್ರೇಕ್ಷಕರ ಮುಂದೆ ಹಾಡಿದರೆ, ನುಡಿಸಿದರೆ ಅದು ಉಲ್ಲಂಘನೆ ಅಲ್ಲ. ಧಾರ್ಮಿಕ ಸಮಾರಂಭಕ್ಕೂ ಮದುವೆಗೂ ಬೇರೆ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ, ಹೋಟೆಲಿನಲ್ಲಿ ನುಡಿಸಿದರೆ ಲೆಕ್ಕ ಬೇರೆ, ಆಗ ಐಪಿಆರ್‌ಎಸ್ ಲೈಸೆನ್ಸ್ ನೋಡಬೇಕು. ಅದು ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಹಣ ತಲುಪಿಸುವ ಸಂಸ್ಥೆ, 1969ರಿಂದ ಇದೆ.

ಆದರೆ ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮಾರುವುದು ಬೇರೆ ವಿಷಯ. 2012ರ ತಿದ್ದುಪಡಿಯಲ್ಲಿ ಸೇರಿದ 31ಸಿ ಕಲಂ ಪ್ರಕಾರ, ಮೂಲ ರೆಕಾರ್ಡಿಂಗ್ ಆದ ವರ್ಷ ಮುಗಿದ ಮೇಲೆ ಐದು ವರ್ಷ ಕಳೆಯುವವರೆಗೆ ಕವರ್ ಆವೃತ್ತಿ, ಅಂದರೆ ಅದೇ ಹಾಡನ್ನು ಬೇರೆಯವರು ಮತ್ತೆ ಹಾಡಿದ ರೆಕಾರ್ಡಿಂಗ್, ತರುವ ಹಾಗಿಲ್ಲ. ಆಮೇಲೂ ಮೊದಲೇ ತಿಳಿಸಬೇಕು, ರಾಯಧನ ಕಟ್ಟಬೇಕು. ನಾನು ಇದನ್ನು ಹೆದರಿಸಲು ಹೇಳುತ್ತಿಲ್ಲ. ಹಾಡು ಬರೆದವರಿಗೆ ಅವರ ಪಾಲು ಸಿಗಬೇಕು. ಅವರ ಹಾಡಿನಿಂದಲೇ ಅಲ್ವಾ ನಾವು ಸ್ಟೇಜ್ ಹತ್ತಿದ್ದು?

ರಾತ್ರಿ 10ಕ್ಕೆ ನಿಲ್ಲಿಸಿ. 2000ದ ಶಬ್ದ ಮಾಲಿನ್ಯ ನಿಯಮ, 2005ರ ಸುಪ್ರೀಂ ಕೋರ್ಟ್ ತೀರ್ಪು, ಎರಡೂ ಇದನ್ನೇ ಹೇಳುತ್ತವೆ. ಹಬ್ಬದ ಕೆಲವು ದಿನ ಮಧ್ಯರಾತ್ರಿವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು, ವರ್ಷಕ್ಕೆ 15 ದಿನ ಮೀರುವಂತಿಲ್ಲ.

ಅರಮನೆ ಮೈದಾನ

ನಾನು ಬೆಂಗಳೂರಿನ ರಾಕ್ ಹುಡುಗ. ನಮ್ಮ ಕಾಲದ ಕಾಲೇಜು ಬ್ಯಾಂಡುಗಳೆಲ್ಲ ಇಂಗ್ಲಿಷ್ ಹಾಡೇ ನುಡಿಸುತ್ತಿದ್ದವು. ಆಗಸ್ಟ್ 15ಕ್ಕೆ ಫ್ರೀಡಂ ಜಾಮ್ ಅನ್ನುವ ಸಂಗೀತ ಮೇಳ ಇರುತ್ತಿತ್ತು, 1996ರಿಂದ ನಡೆದುಬಂದದ್ದು, ಪ್ರವೇಶಕ್ಕೆ ದುಡ್ಡು ಇಲ್ಲ. ಹೆಸರೇ ಇಲ್ಲದ ಬ್ಯಾಂಡಿಗೂ ಅಲ್ಲಿ ಜಾಗ ಸಿಗುತ್ತಿತ್ತು.

ಪ್ರತಿಯೊಬ್ಬ ಗಿಟಾರಿಗ ಮೊದಲು ಕಲಿಯುವುದು 'ಸ್ಮೋಕ್ ಆನ್ ದ ವಾಟರ್' ಹಾಡಿನ ಶುರು. ಡೀಪ್ ಪರ್ಪಲ್ ಬ್ಯಾಂಡಿನ 1972ರ ಹಾಡು. ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಕ್ಯಾಸಿನೊ 1971ರ ಡಿಸೆಂಬರಿನಲ್ಲಿ ಬೆಂಕಿಗೆ ಸುಟ್ಟದ್ದನ್ನು ಕಣ್ಣಾರೆ ಕಂಡು ಬರೆದದ್ದು. ನಾವೆಲ್ಲ ಅದನ್ನು ಪವರ್ ಕಾರ್ಡಿನಲ್ಲಿ, ಅಂದರೆ ಸ–ಪ ಜೋಡಿಯಲ್ಲಿ, ಪಿಕ್ ಅನ್ನುವ ಚಿಕ್ಕ ಬಿಲ್ಲೆ ಹಿಡಿದು ಬಾರಿಸುತ್ತಿದ್ದೆವು. ಆ ಬ್ಯಾಂಡಿನ ಗಿಟಾರಿಗ ಬ್ಲ್ಯಾಕ್‌ಮೋರ್ ನುಡಿಸಿದ್ದು ಹಾಗಲ್ಲ. ಎರಡು ತಂತಿಯನ್ನು ಒಟ್ಟಿಗೆ ಬೆರಳಲ್ಲಿ ಮೀಟುತ್ತಾನೆ, ಸ–ಮ ಅಂತರ. ಒಬ್ಬ ಹಿರಿಯ ಗಿಟಾರಿಗರು ನಮ್ಮ ಗ್ಯಾರೇಜಿಗೆ ಬಂದು ತೋರಿಸಿಕೊಟ್ಟಾಗ ಎಲ್ಲರೂ ಸುಮ್ಮನಾಗಿಬಿಟ್ಟೆವು. ಸ್ವರ ಅವೇ, ಆದರೆ ಹಾಡಿನ ಮುಖವೇ ಬದಲಾಗಿಹೋಯಿತು. ಆಮೇಲೆ ನಾವು ಯಾವ ಹಾಡನ್ನೂ ಒಂದೇ ರೀತಿಯಲ್ಲಿ ನುಡಿಸಿ ಬಿಡಲಿಲ್ಲ. ಅದೇ ಸ್ವರವನ್ನು ಗಿಟಾರಿನ ಮೂರು ನಾಲ್ಕು ಜಾಗದಲ್ಲಿ ನುಡಿಸಿ, ಮೂಲದವನು ಯಾವ ಜಾಗದಲ್ಲಿ ನುಡಿಸಿರಬಹುದು ಅಂತ ದನಿಯ ದಪ್ಪದಿಂದ ಪತ್ತೆ ಹಚ್ಚುತ್ತಿದ್ದೆವು.

2007ರ ಮಾರ್ಚ್ 17, ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡು. ಅವರು ಭಾರತಕ್ಕೆ ಬಂದದ್ದೇ ಅದು ಮೊದಲು. ಅವರ ಹಾಡುಗಳನ್ನು ವರ್ಷಗಟ್ಟಲೆ ನುಡಿಸಿದ್ದ ನಾವು ಇಡೀ ಬ್ಯಾಂಡು ಒಟ್ಟಿಗೆ ಹೋಗಿದ್ದೆವು. ಪಕ್ಕದಲ್ಲಿದ್ದವರು ಹಾಡುಗಾರನನ್ನು ನೋಡುತ್ತಿದ್ದರು. ನಮ್ಮ ಬೇಸ್ ಹುಡುಗ ಅವರ ಬೇಸ್ ವಾದಕ ಸ್ಟೀವ್ ಹ್ಯಾರಿಸ್‌ನ ಬಲಗೈ ಬಿಟ್ಟು ಕಣ್ಣು ಕದಲಿಸಲಿಲ್ಲ. ಆ ಕುದುರೆ ಓಟದ ಲಯವನ್ನು ಪಿಕ್ ಇಲ್ಲದೆ ಬರೀ ಬೆರಳಲ್ಲಿ ಹೇಗೆ ನುಡಿಸುತ್ತಾನೆ ಅನ್ನುವುದು ಅವನಿಗೆ ಬಹಳ ದಿನದ ಪ್ರಶ್ನೆ. ವಾಪಸ್ ಬರುವಾಗ ಬಸ್ಸಿನ ಸೀಟಿನ ಕಂಬಿಯ ಮೇಲೆ ಬೆರಳು ಆಡಿಸುತ್ತಲೇ ಬಂದ. ಆ ಹಾಡುಗಳನ್ನು ನಾವು ನುಡಿಸಿರದಿದ್ದರೆ ಆ ಸಂಜೆ ನಮಗೆ ಕಾಣುತ್ತಿದ್ದುದು ಬೆಳಕು, ಸದ್ದು ಮಾತ್ರ.

ಸೌಂಡ್ ಬಾಕ್ಸ್

ಹೊಸ ಗಿಟಾರು, ಹಾಡು ಆಮೇಲೆ. ಮೊದಲು ಕರೆಂಟು ನೋಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಹಾಡುತ್ತಾ ಗಿಟಾರ್ ನುಡಿಸುವವರಿಗೆ ಮೈಕಿಗೆ ತುಟಿ ತಾಗಿದಾಗ ಜುಂ ಅಂತ ಶಾಕ್ ಹೊಡೆಯುತ್ತದಲ್ಲ, ಅದು ಮಾಮೂಲಿ ಅಂತ ಬಿಡಬೇಡಿ. ಎಲೆಕ್ಟ್ರಿಕ್ ಗಿಟಾರಿನ ತಂತಿ ಆಂಪ್ಲಿಫೈಯರಿನ ಅರ್ತಿಗೆ ಜೋಡಿಸಿರುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಅರ್ತ್ ಇಲ್ಲದಿದ್ದರೆ ಆ ತಂತಿಯ ಮೇಲೇ ವೋಲ್ಟೇಜು ತೇಲುತ್ತಿರುತ್ತದೆ. ಮೈಕು ಬೇರೆ ಆಂಪ್ಲಿಫೈಯರಿನದ್ದು, ಅದಕ್ಕೆ ಅರ್ತ್ ಸರಿಯಿದೆ ಅಂದುಕೊಳ್ಳಿ. ನಿಮ್ಮ ಬೆರಳು ತಂತಿ ಮೇಲೆ, ತುಟಿ ಮೈಕ್ ಮೇಲೆ. ಕರೆಂಟು ನಿಮ್ಮ ಮೈಯಲ್ಲಿ ಹಾಯುತ್ತದೆ. ಲೆಸ್ ಹಾರ್ವಿ ಅನ್ನುವ ಗಿಟಾರಿಗ 1972ರಲ್ಲಿ ಸ್ಟೇಜಿನ ಮೇಲೇ ಹೀಗೆ ತೀರಿಕೊಂಡ, ಯಾರ್ಡ್‌ಬರ್ಡ್ಸ್ ಬ್ಯಾಂಡಿನ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲಿ. ಮಳೆಗಾಲದ ಪೆಂಡಾಲು, ಒದ್ದೆ ನೆಲ, ಬರಿಗಾಲು ಇದ್ದರೆ ಇನ್ನೂ ಅಪಾಯ. ಎಲೆಕ್ಟ್ರಿಶಿಯನ್ ಕರೆಸಿ ಅರ್ತ್ ಪರೀಕ್ಷೆ ಮಾಡಿಸಿ. ಎಲ್ಲ ಆಂಪ್ಲಿಫೈಯರಿಗೂ ಒಂದೇ ಪಾಯಿಂಟಿನಿಂದ ಕರೆಂಟು ಕೊಡಿ. ಗುಂಯ್ ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಮೂರನೇ ಕಾಲು ಮುರಿಯುವವರಿದ್ದಾರೆ, ಅವರನ್ನು ಹತ್ತಿರ ಸೇರಿಸಬೇಡಿ.

ಆ ಗುಂಯ್ ಸದ್ದಿಗೂ ಒಂದು ಶ್ರುತಿ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಅದು ಹೆಚ್ಚುಕಡಿಮೆ ಜಿ ಸ್ವರ. ಜಿಯಲ್ಲಿರುವ ಹಾಡಿಗೆ ತಂಬೂರಿ ಪುಕ್ಕಟೆ!

ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಅನ್ನುವುದು ಸುಳ್ಳು. ಒಳಗಿನ ಪ್ರತಿಧ್ವನಿ ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೇ. ಸದ್ದು ತಡೆಯುವುದು ಭಾರ. ಕಿಟಕಿಗೆ ದಪ್ಪ ಹಲಗೆ, ಬಾಗಿಲ ಸಂದಿಗೆ ರಬ್ಬರು, ಡ್ರಮ್ಸ್ ಕೆಳಗೆ ಹಳೇ ಹಾಸಿಗೆ. ಇಷ್ಟು ಮಾಡಿ, ಪಕ್ಕದ ಮನೆಯವರ ಹತ್ತಿರ ಮೊದಲೇ ಹೋಗಿ ಮಾತಾಡಿ.

ಸಾಗರದಾಚೆ

ಸೌಂಡ್ ಬಾಕ್ಸ್ ಅಣ್ಣ, ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಇಲ್ಲಿ 60 ಹರ್ಟ್ಸ್. ಈ ಗುಂಯ್ ಎ ಶಾರ್ಪ್ ಮತ್ತು ಬಿ ನಡುವೆ ಬರುತ್ತದೆ, ಯಾವ ಹಾಡಿಗೂ ಸೇರುವುದಿಲ್ಲ.

ನಮ್ಮದು ನಿಜವಾದ ಗ್ಯಾರೇಜು. ಕಾರು ಹೊರಗೆ ನಿಲ್ಲಿಸಿ, ಶನಿವಾರ ಮಧ್ಯಾಹ್ನ ಮಕ್ಕಳನ್ನು ಈಜು ಕ್ಲಾಸಿಗೆ ಬಿಟ್ಟು ಬಂದು ನುಡಿಸುತ್ತೇವೆ. ಕನ್ನಡ ಕೂಟದ ಯುಗಾದಿಗೆ, ರಾಜ್ಯೋತ್ಸವಕ್ಕೆ ತಯಾರಿ. 'ಮುಂಗಾರು ಮಳೆ' 2006ರ ಕೊನೆಯಲ್ಲಿ ಬಂದ ಮೇಲೆ ಒಂದಷ್ಟು ವರ್ಷ 'ಅನಿಸುತಿದೆ' ಇಲ್ಲದ ಕಾರ್ಯಕ್ರಮವೇ ಇರಲಿಲ್ಲ. ನಮ್ಮ ಡ್ರಮ್ಮರ್ ಅಮೆರಿಕದವನು, ಪಕ್ಕದ ಮನೆಯವನು. ಸದ್ದು ಜಾಸ್ತಿ ಅಂತ ಹೇಳಲು ಬಂದವನು, ನೋಡುತ್ತ ನಿಂತ, ಆಮೇಲೆ ಕೂತ. ಅವನಿಗೆ ಕನ್ನಡ ಒಂದು ಅಕ್ಷರ ಬರುವುದಿಲ್ಲ. ಹಾಡಿನ ಸಾಲು ಎಲ್ಲಿ ಮುಗಿಯುತ್ತದೆ ಅಂತ ಕೇಳಿ ಕೇಳಿ, ಈಗ ಜಯಂತ ಕಾಯ್ಕಿಣಿಯವರ ಸಾಲುಗಳ ಕೊನೆಯ ಪದ ಅವನ ಬಾಯಲ್ಲಿ ಇದೆ.

ಇಲ್ಲಿ ಹುಟ್ಟಿದ ಮಕ್ಕಳು ಕನ್ನಡ ಹಾಡನ್ನು ಫೋನಿನಲ್ಲಿ ಹಾಕಿದರೆ ಎದ್ದು ಹೋಗುತ್ತಾರೆ. ಗ್ಯಾರೇಜಿನಲ್ಲಿ ಅಪ್ಪ ತಡವರಿಸಿಕೊಂಡು ಅದನ್ನೇ ನುಡಿಸಿದರೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. ನನ್ನ ಮಗಳು ಈಗ ಎರಡನೇ ಗಿಟಾರ್ ನುಡಿಸುತ್ತಾಳೆ.

ಹುಬ್ಬಳ್ಳಿ ಪ್ಯಾಡ್

ಟ್ರ್ಯಾಕ್ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಹೇಳುತ್ತೇನೆ, ಕೋಪ ಬೇಡ. ನನ್ನ ಹೊಟ್ಟೆಪಾಡು ಸ್ವಲ್ಪ ದಿನ ಇದರ ಮೇಲೇ ಇತ್ತು. ಒಂದು ಪೆನ್‌ಡ್ರೈವ್, ಇಬ್ಬರು ಹಾಡುವವರು ಇದ್ದರೆ ಸಾಕು ಅಂತ ಆಯೋಜಕರು ಶುರು ಮಾಡಿದ ಮೇಲೆ ನುಡಿಸುವವರಿಗೆ ಕರೆ ಬರುವುದು ನಿಂತಿತು. ಕೊಳಲಿನವರು, ಕಾಂಗೋದವರು, ಎಷ್ಟೋ ಜನ ಕೈಬಿಟ್ಟರು. ಆದ್ದರಿಂದ ಟ್ರ್ಯಾಕ್ ನನಗೆ ಸೇರುವುದಿಲ್ಲ.

ಕೀಬೋರ್ಡ್ ಅಕ್ಕ

ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಮನೆಯಲ್ಲಿ ಒಬ್ಬಳೇ ಕಲಿಯುವ ಹುಡುಗಿಗೆ ಟ್ರ್ಯಾಕ್ ಒಂದು ಆಸರೆ. ಎಲ್ಲರಿಗೂ ಶೆಡ್ಡು ಸಿಗುವುದಿಲ್ಲ, ಸಂಜೆ ಹೊರಗೆ ಹೋಗಲು ಬಿಡುವ ಮನೆಯೂ ಸಿಗುವುದಿಲ್ಲ. ಕಲಿಯುವಾಗ ಇರಲಿ. ಸ್ಟೇಜಿನ ಮೇಲೆ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ.

ಮೈಸೂರು ಬೇಸ್

ಅಕ್ಕ ಹೇಳಿದ್ದು ಸರಿ. ನಾನು ಇಷ್ಟು ಸೇರಿಸುತ್ತೇನೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಹಾಡುವವನು ಚರಣಕ್ಕೆ ಅರ್ಧ ಸಾಲು ತಡವಾಗಿ ಬಂದರೆ ನಾವು ನಾಲ್ಕು ಜನ ಕಣ್ಣಲ್ಲೇ ಮಾತಾಡಿಕೊಂಡು ಇನ್ನೊಂದು ಸುತ್ತು ತಿರುಗಿಸುತ್ತಿದ್ದೆವು, ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಜನ ಎದ್ದು ಕುಣಿದರೆ ಕೊನೆಯ ಪಲ್ಲವಿಯನ್ನು ಎಳೆಯುತ್ತಿದ್ದೆವು. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದು ಅಭ್ಯಾಸ ಆಗುವುದು ಅಲ್ಲಿಯೇ.

ಹೊಸ ಗಿಟಾರು, ಹಾಡಿನ ಪಟ್ಟಿ ಮಾಡಿದ್ದೀರಾ?

ಹೊಸ ಗಿಟಾರು

ಮಾಡಿದ್ದೇವೆ ಸರ್. ಎಂಟು ಹಾಡು. ಶುರುವಿಗೆ 'ಪ್ರೇಮಲೋಕ' ಚಿತ್ರದ ಒಂದು ಹಾಡು ಇಟ್ಟಿದ್ದೇವೆ, ನಮ್ಮ ಅಪ್ಪ ಅಮ್ಮಂದಿರ ಕಾಲದ್ದು, 1987. ಟ್ರ್ಯಾಕ್ ಬಿಟ್ಟೇ ನುಡಿಸುತ್ತೇವೆ. ಆದರೆ ಕೀಬೋರ್ಡ್ ಹುಡುಗನಿಗೆ ಬಿಟ್‌ಗಳು ಇನ್ನೂ ಕೂತಿಲ್ಲ.

ಮೈಸೂರು ಬೇಸ್

ಎಂಟು ಜಾಸ್ತಿ ಆಯಿತು, ಐದಕ್ಕೆ ಇಳಿಸಿ. ಹಂಸಲೇಖ ಅವರ ಹಾಡಿನಲ್ಲಿ ಬಿಟ್‌ಗಳು ತುಂಬಾ ಬಿಗಿಯಾಗಿರುತ್ತವೆ, ಅದನ್ನು ಶುರುವಿಗೆ ಇಡಬೇಡಿ, ಮೂರನೆಯದಾಗಿ ಇಡಿ. ಅಷ್ಟು ಹೊತ್ತಿಗೆ ಕೈ ಬಿಸಿಯಾಗಿರುತ್ತದೆ, ಸೌಂಡಿನವರೂ ಮೈಕ್ ಸರಿ ಮಾಡಿರುತ್ತಾರೆ. ಮೊದಲ ಹಾಡು ಐದೂ ಜನ ಒಟ್ಟಿಗೆ ಶುರು ಮಾಡುವಂಥದ್ದು ಇರಲಿ, ಒಬ್ಬನೇ ಗಿಟಾರಿನಲ್ಲಿ ಶುರು ಮಾಡುವುದು ಬೇಡ, ಮೊದಲ ನಿಮಿಷ ಎಲ್ಲರ ಕೈಯೂ ನಡುಗುತ್ತದೆ. ಕೀಬೋರ್ಡ್ ಹುಡುಗನಿಗೆ ಬಿಟ್ ಪೂರ್ತಿ ಬೇಡ, ಅಕ್ಕ ಹೇಳಿದ ಹಾಗೆ ಒಂದು ಎಳೆ ಹಿಡಿಯಲು ಹೇಳಿ, ಉಳಿದದ್ದನ್ನು ನೀವು ಗಿಟಾರಿನಲ್ಲಿ ತುಂಬಿ. ಪ್ರಾಕ್ಟೀಸನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ಬೇಸ್ ಎಲ್ಲಿ ಓಡುತ್ತಿದೆ, ಎಲ್ಲಿ ಎಳೆಯುತ್ತಿದೆ ಅಂತ ನಾನು ಕೇಳಿ ಬರೆಯುತ್ತೇನೆ.